ಕೆಟ್ಟ ಔಷಧದ ಸುದ್ದಿ ಯಾರಿಗೆ ಮುಟ್ಟಬೇಕು?

(ಶಿವಾಜಿನಗರದಲ್ಲಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಇಂದಿನ ಸಭೆಯಲ್ಲಿ ನಾವು ಕೂಲಿಯ ಮಾತನ್ನಾಗಲಿ ಬೋನಸ್ಸಿನ ಮಾತನ್ನಾಗಲಿ ಎತ್ತುವುದಿಲ್ಲ. ಔಷಧದ ಮಾತನ್ನು ಎತ್ತುತ್ತೇವೆ. ಇದು ಡಾಕ್ಟರರಿಗೂ ಔಷಧದ ವ್ಯಾಪಾರಿಗಳಿಗೂ ಸೇರಿದ ವಿಷಯ, ನಮಗೇಕೆ ಎಂದು ಯಾರೂ ತಿಳಿಯಬಾರದು. ಕಾರ್ಖಾನೆಯಲ್ಲಿ ದುಡಿಯುವವನ ಸಂಬಳದಿಂದ ಪ್ರತಿ ತಿಂಗಳೂ ಇ.ಎಸ್.ಐ. ಹಣ ಮುರಿದುಕೊಳ್ಳುತ್ತಾರೆ. ೨೦೧೯ರ ಜುಲೈ ತಿಂಗಳಿಂದ ಅದು ನೂರು ರೂಪಾಯಿಗೆ ಎಪ್ಪತ್ತೈದು ಪೈಸೆ. ಮಾಲೀಕನ ಪಾಲು ಮೂರೂಕಾಲು ರೂಪಾಯಿ. ಆ ಹಣಕ್ಕೆ ಪ್ರತಿಯಾಗಿ ಇಂದಿರಾನಗರದ ಇ.ಎಸ್.ಐ. ಆಸ್ಪತ್ರೆಯ ಕಿಟಕಿಯಲ್ಲಿ ನಮ್ಮ ಕೈಗೆ ಬರುವುದು ಮಾತ್ರೆಯ ಪಟ್ಟಿ, ಸಿರಪ್ಪಿನ ಸೀಸೆ. ರಸೆಲ್ ಮಾರುಕಟ್ಟೆಯ ಹಣ್ಣಿನ ವ್ಯಾಪಾರಿಗೆ, ಹಲಸೂರಿನ ಬಜಾರಿನ ದಿನಸಿ ಅಂಗಡಿಯವನಿಗೆ ಆ ಆಸರೆಯೂ ಇಲ್ಲ. ಅವನು ದಿನದ ಗಳಿಕೆಯಲ್ಲಿ ಕಾಸು ಎಣಿಸಿಕೊಟ್ಟು ಔಷಧ ಕೊಳ್ಳುತ್ತಾನೆ, ಇಲ್ಲವೆ ಬೌರಿಂಗ್ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಾನೆ.

ಬದನೆಕಾಯಿ ಕೊಳ್ಳುವಾಗ ನಾವು ಒತ್ತಿ ನೋಡುತ್ತೇವೆ. ಬಟ್ಟೆ ಕೊಳ್ಳುವಾಗ ಎಳೆದು ನೋಡುತ್ತೇವೆ. ಅಕ್ಕಿಯನ್ನು ಅಂಗೈಯಲ್ಲಿ ಹರಡಿ ಕಲ್ಲು ಆರಿಸುತ್ತೇವೆ. ಮಾತ್ರೆಯನ್ನು ಏನು ಮಾಡಿ ನೋಡುವುದು? ಅದರೊಳಗೆ ಇರಬೇಕಾದ ಮದ್ದು ಇದೆಯೋ ಸುಣ್ಣದ ಪುಡಿ ಇದೆಯೋ ಕಣ್ಣಿಗೂ ಕಾಣದು, ನಾಲಗೆಗೂ ತಿಳಿಯದು. ಪೂರ್ತಿ ನಂಬಿಕೆಯ ಮೇಲೆ ಬಡವನೂ ಸಾಹುಕಾರನೂ ಸಮನಾಗಿ ಕೊಳ್ಳುವ ಸರಕು ಇದೊಂದೇ. ಆದ್ದರಿಂದ ಆ ನಂಬಿಕೆ ಮುರಿದ ದಿನ ಏನಾಗಬೇಕು ಎಂಬುದನ್ನು ಜನ ತಿಳಿದಿರಬೇಕು.

ಒಂದು ಬ್ಯಾಚ್ ಎಂದರೇನು?

ಮಿಲ್ಲಿನಲ್ಲಿ ದುಡಿದವರಿಗೆ ಇದನ್ನು ಹೇಳುವುದು ಸುಲಭ. ಬಣ್ಣದ ತೊಟ್ಟಿಗೆ ಒಂದು ಸಲ ಇಳಿಸಿದ ನೂಲೆಲ್ಲ ಒಂದೇ ಬಣ್ಣಕ್ಕೆ ಬರುತ್ತದೆ. ಬಣ್ಣ ಕೆಟ್ಟರೆ ಆ ತೊಟ್ಟಿಯ ನೂಲೆಲ್ಲ ಅನುಮಾನಕ್ಕೆ ಗುರಿ, ಪಕ್ಕದ ತೊಟ್ಟಿಯದಲ್ಲ. ಔಷಧವನ್ನೂ ಹಾಗೆಯೇ ಒಂದೊಂದು ಸಲಕ್ಕೆ ಇಷ್ಟು ಎಂದು ಮಾಡುತ್ತಾರೆ. ಆ ಒಂದು ಸಲದ ಸರಕಿಗೆ ಬ್ಯಾಚ್ ಎಂದು ಹೆಸರು, ಅದಕ್ಕೊಂದು ನಂಬರು. ಮಾತ್ರೆಯ ಪಟ್ಟಿಯ ಬೆನ್ನಿನ ಮೇಲೆ ತಯಾರಾದ ತಿಂಗಳು, ಮುಗಿಯುವ ತಿಂಗಳುಗಳ ಜೊತೆಗೆ ಆ ನಂಬರನ್ನು ಒತ್ತಿರುತ್ತಾರೆ. ಔಷಧ ಕೆಟ್ಟಿದೆ ಎಂದು ಗೊತ್ತಾದಾಗ ಸಾಮಾನ್ಯವಾಗಿ ಹಿಂದಕ್ಕೆ ಕರೆಯುವುದು ಆ ನಂಬರಿನ ಸರಕನ್ನು. ಒಂದು ಬ್ಯಾಚು ಕೆಟ್ಟಿತೆಂದರೆ ಆ ಹೆಸರಿನ ಔಷಧವೆಲ್ಲ ವಿಷ ಎಂದು ಅರ್ಥವಲ್ಲ. ಈ ಭೇದ ತಿಳಿಯದಿದ್ದರೆ ಸುದ್ದಿ ಹರಡಿದ ದಿನ ರಕ್ತದೊತ್ತಡದ ರೋಗಿ ಇದ್ದ ಮಾತ್ರೆಯನ್ನೂ ಬೀದಿಗೆ ಎಸೆಯುತ್ತಾನೆ, ಮರುದಿನ ಆ ಭಯದಿಂದಲೇ ಆಸ್ಪತ್ರೆ ಸೇರುತ್ತಾನೆ.

ಮೂರು ದರ್ಜೆ

ಕೆಟ್ಟ ಔಷಧವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯುವುದಕ್ಕೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯವರು ೨೦೧೨ರಲ್ಲಿ ಒಂದು ಮಾರ್ಗಸೂಚಿಯನ್ನು ಹೊರಡಿಸಿದರು. ೨೦೧೭ರಲ್ಲಿ ಅದನ್ನು ತಿದ್ದಿದರು. ಅಮೆರಿಕದಲ್ಲಿ ೧೯೭೮ರಿಂದ ನಿಯಮದಲ್ಲಿರುವ ಹಾಗೆ ಇಲ್ಲಿಯೂ ಅಪಾಯದ ಪ್ರಮಾಣವನ್ನು ನೋಡಿ ಮೂರು ದರ್ಜೆ ಮಾಡಿದ್ದಾರೆ.

ಮೊದಲನೆಯ ದರ್ಜೆ: ಈ ಔಷಧವನ್ನು ಬಳಸಿದರೆ ಸಾವು ಅಥವಾ ದೇಹಕ್ಕೆ ತೀವ್ರವಾದ ಹಾನಿ ಆಗುವ ಸಂಭವ ಇದೆ ಎನ್ನುವಂಥದ್ದು. ಸೀಸೆಯ ಮೇಲೆ ಒಂದು ಹೆಸರು, ಒಳಗೆ ಬೇರೆ ಮದ್ದು. ರಕ್ತನಾಳಕ್ಕೆ ಚುಚ್ಚುವ ದ್ರಾವಣದಲ್ಲಿ ಕ್ರಿಮಿ. ಸಿರಪ್ಪಿನಲ್ಲಿ ವಿಷದ ರಾಸಾಯನಿಕ. ಇಂಥದನ್ನು ೨೪ ಗಂಟೆಯೊಳಗೆ, ಹೆಚ್ಚೆಂದರೆ ೭೨ ಗಂಟೆಯೊಳಗೆ ಹಿಂದಕ್ಕೆ ಪಡೆಯಬೇಕು.

ಎರಡನೆಯ ದರ್ಜೆ: ಹಾನಿಯಾದರೂ ಅದು ತಾತ್ಕಾಲಿಕ, ಚಿಕಿತ್ಸೆಯಿಂದ ವಾಸಿಯಾಗುವಂಥದು, ಇಲ್ಲವೆ ತೀವ್ರ ಹಾನಿಯ ಸಂಭವ ಬಹಳ ದೂರ. ಇದಕ್ಕೆ ೧೦ ದಿನಗಳ ಅವಧಿ.

ಮೂರನೆಯ ದರ್ಜೆ: ದೇಹಕ್ಕೆ ಹಾನಿಯಾಗುವ ಸಂಭವ ಕಾಣದು, ಆದರೆ ಸರಕು ನಿಯಮದಂತೆ ಇಲ್ಲ. ಅಂಚು ಮುರಿದ ಮಾತ್ರೆ, ಸರಿಯಾಗಿ ಕೂರದ ಮುಚ್ಚಳ, ಇಂಥವು. ಇದಕ್ಕೆ ೩೦ ದಿನ.

ದರ್ಜೆ ಬದಲಾದಂತೆ ಅವಧಿಯೂ ಬದಲಾಗುತ್ತದೆ, ಸುದ್ದಿ ಎಷ್ಟು ದೂರ ಹೋಗಬೇಕೆಂಬುದೂ ಬದಲಾಗುತ್ತದೆ. ಮೊದಲ ದರ್ಜೆಯಾದರೆ ಮದ್ದು ಸೇವಿಸುವವನ ಮನೆಯ ತನಕ ಸುದ್ದಿ ಹೋಗಬೇಕು. ಅಪಾಯ ಕಡಿಮೆಯಾದಂತೆ ಚಿಲ್ಲರೆ ಅಂಗಡಿಯಲ್ಲಿ ಅಥವಾ ಸಗಟು ಮಳಿಗೆಯಲ್ಲಿ ನಿಲ್ಲಬಹುದು. ಹೀಗೆ ದರ್ಜೆ ಎಂಬುದು ಎರಡು ಪ್ರಶ್ನೆಗಳಿಗೆ ಉತ್ತರ: ಎಷ್ಟು ಬೇಗ, ಎಲ್ಲಿಯ ತನಕ?

ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ದರ್ಜೆಯನ್ನು ಗೊತ್ತುಮಾಡುವುದಕ್ಕೆ ಸರಕಿನ ದೋಷವನ್ನಷ್ಟೇ ನೋಡಿದರೆ ಸಾಲದು, ಅದನ್ನು ತಿನ್ನುವ ಮನುಷ್ಯನನ್ನೂ ನೋಡಬೇಕು. ಶಕ್ತಿಯ ಮಾತ್ರೆಯಲ್ಲಿ ಮದ್ದು ಸ್ವಲ್ಪ ಕಡಿಮೆಯಾದರೆ ದುಡ್ಡು ಹೋಯಿತು, ಅಷ್ಟೇ. ಅದೇ ಕೊರತೆ ಮೂರ್ಛೆರೋಗದ ಮಾತ್ರೆಯಲ್ಲಿ ಬಂದರೆ, ಯಂತ್ರದ ಮುಂದೆ ನಿಂತ ಕಾರ್ಮಿಕ ಅಲ್ಲಿಯೇ ಬೀಳುತ್ತಾನೆ. ಹಸುಳೆ, ಬಸುರಿ, ಬಾಣಂತಿ, ಮುದುಕರು, ಶಸ್ತ್ರಚಿಕಿತ್ಸೆಯಾಗಿ ಮಲಗಿದವರು: ಇವರು ಬಳಸುವ ಔಷಧದಲ್ಲಿ ಸಣ್ಣ ದೋಷವೂ ದೊಡ್ಡದು. ಅಳತೆಗೋಲು ಮನುಷ್ಯನ ದೇಹವೇ ಹೊರತು ಕಂಪನಿಯ ನಷ್ಟವಲ್ಲ. ಇದು ಈ ವಿಂಗಡಣೆಯ ಒಳ್ಳೆಯ ತತ್ತ್ವ. ಕಾಗದದ ಮೇಲೆ ಇದಕ್ಕೆ ನಮ್ಮ ಆಕ್ಷೇಪಣೆ ಏನೂ ಇಲ್ಲ.

ಎರಡು ತಂತಿಗಳ ಕಥೆ

ಸುದ್ದಿ ಮುಟ್ಟುವುದಕ್ಕೂ ಮುಟ್ಟದಿರುವುದಕ್ಕೂ ಇರುವ ವ್ಯತ್ಯಾಸವನ್ನು ಅಮೆರಿಕದ ಜನ ೧೯೩೭ರಲ್ಲಿ ಕಂಡರು. ಟೆನೆಸಿ ರಾಜ್ಯದ ಮ್ಯಾಸೆಂಗಿಲ್ ಎಂಬ ಕಂಪನಿ ಸಲ್ಫಾನಿಲಮೈಡ್ ಎಂಬ ಮದ್ದನ್ನು ದ್ರವರೂಪಕ್ಕೆ ತರಲು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದಲ್ಲಿ ಕರಗಿಸಿ ಮಾರಿತು. ಮಾರುವ ಮೊದಲು ಅದು ದೇಹಕ್ಕೆ ಏನು ಮಾಡುತ್ತದೆಂದು ಪರೀಕ್ಷಿಸಲಿಲ್ಲ. ಪರೀಕ್ಷಿಸಬೇಕೆಂಬ ಕಾನೂನೂ ಆಗ ಇರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಎಷ್ಟೋ ಮಂದಿ ಮಕ್ಕಳು.

ಸುದ್ದಿ ತಿಳಿದ ಕಂಪನಿಯವರು ವ್ಯಾಪಾರಿಗಳಿಗೂ ಡಾಕ್ಟರರಿಗೂ ತಂತಿ ಕಳುಹಿಸಿದರು: ಸರಕನ್ನು ವಾಪಸು ಕಳುಹಿಸಿ ಎಂದು. ಏಕೆ ಎಂಬ ಮಾತು ಆ ತಂತಿಯಲ್ಲಿ ಇರಲಿಲ್ಲ. ಸರ್ಕಾರದ ಅಧಿಕಾರಿಗಳು ಪಟ್ಟು ಹಿಡಿದ ಮೇಲೆ, ಇದು ಪ್ರಾಣಕ್ಕೆ ಅಪಾಯ ಎಂದು ತಿಳಿಸುವ ಎರಡನೆಯ ತಂತಿ ಹೊರಟಿತು. ಆಮೇಲೆ ಇನ್‌ಸ್ಪೆಕ್ಟರುಗಳು ಅಂಗಡಿ ಅಂಗಡಿ, ಮನೆ ಮನೆ ಸುತ್ತಿ ಚೀಟಿಗಳನ್ನು ಹುಡುಕಿ ಸೀಸೆಗಳನ್ನು ಪತ್ತೆಮಾಡಿದರು. ಹೊರಗೆ ಹೋಗಿದ್ದ ೨೪೦ ಗ್ಯಾಲನ್ನುಗಳಲ್ಲಿ ೨೩೪ಕ್ಕೂ ಹೆಚ್ಚು ಗ್ಯಾಲನ್ ಕೈಗೆ ಸಿಕ್ಕಿತು. ಉಳಿದ ಸ್ವಲ್ಪವೇ ಅಷ್ಟು ಜನರನ್ನು ಕೊಂದಿತ್ತು. ಮರುವರ್ಷವೇ, ಎಂದರೆ ೧೯೩೮ರಲ್ಲಿ, ಅಲ್ಲಿ ಹೊಸ ಕಾನೂನು ಬಂತು.

ಮೊದಲನೆಯ ತಂತಿಗೂ ಎರಡನೆಯ ತಂತಿಗೂ ಇರುವ ಅಂತರವೇ ದರ್ಜೆ. 'ವಾಪಸು ಕಳುಹಿಸಿ' ಎನ್ನುವುದು ವ್ಯಾಪಾರದ ಮಾತು. 'ಇದು ಕೊಲ್ಲುತ್ತದೆ' ಎನ್ನುವುದು ಜನರಿಗೆ ಹೇಳುವ ಮಾತು.

ಆ ವಿಷ ಅಲ್ಲಿಗೇ ಮುಗಿಯಲಿಲ್ಲ. ೧೯೮೬ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಅದೇ ವಿಷ ಬೆರೆತ ಗ್ಲಿಸರಾಲ್ ೧೪ ಜನರ ಪ್ರಾಣ ತೆಗೆಯಿತು. ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗ ವಿಚಾರಣೆ ನಡೆಸಿತು. ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಪ್ರದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಆ ಸಿರಪ್ ತಯಾರಾದದ್ದು ದೂರದಲ್ಲಿ ಅಲ್ಲ, ನಮ್ಮ ನೆರೆಯ ಕಾಂಚೀಪುರ ಜಿಲ್ಲೆಯಲ್ಲಿ. ನೂರರಲ್ಲಿ ಒಂದರ ಹತ್ತನೆಯ ಒಂದು ಪಾಲು ಮೀರಬಾರದ ವಿಷ ಅದರಲ್ಲಿ ನೂರಕ್ಕೆ ೪೮.೬ರಷ್ಟು ಇತ್ತೆಂದು ತಮಿಳುನಾಡಿನ ಸರ್ಕಾರಿ ಪ್ರಯೋಗಾಲಯ ಹೇಳಿತು. ಸೀಸೆಯಲ್ಲಿ ಹೆಚ್ಚು ಕಡಿಮೆ ಅರ್ಧ ವಿಷ! ಎಂಬತ್ತೆಂಟು ವರ್ಷ ಕಳೆದರೂ ಬಡವರ ಮಕ್ಕಳ ಮೇಲೆ ಅದೇ ಪಾಠವನ್ನು ಮತ್ತೆ ಕಲಿಯುತ್ತಿದ್ದೇವೆ.

ಬಳ್ಳಾರಿಯ ಬಾಣಂತಿಯರು

ಬಂಧುಗಳೆ, ಪರದೇಶದ, ಪರರಾಜ್ಯದ ಮಾತು ಸಾಕು. ನಮ್ಮ ನಾಡಿನ ಮಾತಿಗೆ ಬರೋಣ. ೨೦೨೪ರ ನವೆಂಬರ್ ೯ರಿಂದ ೧೧ರ ವರೆಗೆ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ೩೪ ಹೆಂಗಸರಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿದರು. ಅವರಲ್ಲಿ ಏಳು ಮಂದಿಗೆ ಮೂತ್ರಪಿಂಡ ಮೊದಲಾದ ಅಂಗಗಳು ಕೈಕೊಟ್ಟವು. ಒಬ್ಬರ ಹಿಂದೆ ಒಬ್ಬರಂತೆ ಐವರು ಬಾಣಂತಿಯರು ತೀರಿಕೊಂಡರು. ಐದು ಹಸುಳೆಗಳು ತಾಯಿಯ ಮೊಲೆಹಾಲಿಲ್ಲದೆ ಉಳಿದವು.

ಸರ್ಕಾರ ನೇಮಿಸಿದ ತಜ್ಞರ ಶಂಕೆ ಹೋದದ್ದು ಅವರಿಗೆಲ್ಲ ಹಾಕಿದ್ದ ಒಂದು ದ್ರಾವಣದ ಮೇಲೆ. ಜನ 'ಬಾಟಲಿ ಹಾಕಿದರು', 'ಗ್ಲೂಕೋಸ್ ಹಾಕಿದರು' ಎನ್ನುತ್ತಾರಲ್ಲ, ಆ ಜಾತಿಯದು. ರಿಂಗರ್ ಲ್ಯಾಕ್ಟೇಟ್ ಎಂದು ಅದರ ಹೆಸರು. ಪಶ್ಚಿಮ ಬಂಗ ಫಾರ್ಮಾಸ್ಯೂಟಿಕಲ್ಸ್ ಎಂಬ ಕಂಪನಿ ಅದನ್ನು ತಯಾರಿಸಿತ್ತು. ಇಡೀ ರಾಜ್ಯದ ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ಕೊಳ್ಳುವ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮೂಲಕ ಅದು ಬಂದಿತ್ತು. ಬಳ್ಳಾರಿಯ ಕಪಾಟು ತುಂಬಿಸುವ ನಿಗಮವೇ ನಮ್ಮ ದಂಡು ಪ್ರದೇಶದ ಸರ್ಕಾರಿ ಆಸ್ಪತ್ರೆಗಳಿಗೂ ಔಷಧ ಕೊಡುತ್ತದೆ. ಬಳ್ಳಾರಿ ಇಲ್ಲಿಂದ ಮುನ್ನೂರು ಕಿಲೋಮೀಟರ್ ಇರಬಹುದು. ಔಷಧದ ಲೆಕ್ಕದಲ್ಲಿ ಅದು ಪಕ್ಕದ ವಾರ್ಡು. ಶಿವಾಜಿನಗರದ ಘೋಷಾ ಆಸ್ಪತ್ರೆಯಲ್ಲಿ ಹೆರಿಗೆಗೆ ಸೇರಿಸಿದ ನಮ್ಮ ಹೆಣ್ಣುಮಗಳೂ ಅದೇ ನಂಬಿಕೆಯ ಮೇಲೆ ಕೈ ಚಾಚುತ್ತಾಳೆ.

ಈ ಕಥೆಯಲ್ಲಿ ನಮ್ಮನ್ನು ಕಾಡುವ ಭಾಗ ಮುಂದಿದೆ. ಆ ಸಾವುಗಳಿಗೆ ತಿಂಗಳುಗಳ ಮುಂಚೆಯೇ ಅದೇ ಕಂಪನಿಯ ಅದೇ ದ್ರಾವಣದ ಕೆಲವು ಬ್ಯಾಚುಗಳು ಗುಣಮಟ್ಟದ್ದಲ್ಲ ಎಂದು ನಮ್ಮ ರಾಜ್ಯದ ಪ್ರಯೋಗಾಲಯ ಹೇಳಿತ್ತು. ಸರಕನ್ನು ತಡೆಹಿಡಿದಿದ್ದರು. ಕಂಪನಿ ಒಪ್ಪಲಿಲ್ಲ. ಕಾನೂನಿನ ಪ್ರಕಾರ ಇಂಥ ತಕರಾರು ಕಲ್ಕತ್ತೆಯ ಕೇಂದ್ರ ಔಷಧ ಪ್ರಯೋಗಾಲಯಕ್ಕೆ ಹೋಗುತ್ತದೆ; ಅದರ ವರದಿಯೇ ಕೊನೆಯ ಮಾತು. ಅಲ್ಲಿಂದ, ಕಳುಹಿಸಿದ ಮಾದರಿಗಳು ಸರಿಯಾಗಿವೆ ಎಂಬ ವರದಿ ಬಂತು. ತಡೆಹಿಡಿದಿದ್ದ ಸರಕಿನಲ್ಲಿ ಒಂದು ಭಾಗ ಮತ್ತೆ ಆಸ್ಪತ್ರೆಗಳ ಬಳಕೆಗೆ ಹೋಯಿತು. ಆಮೇಲೆ ಬಳ್ಳಾರಿ ನಡೆಯಿತು. ನವೆಂಬರ್ ಕೊನೆಯಲ್ಲಿ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು, ಕಂಪನಿಯ ಮೇಲೆ ಕ್ರಮ ಎಂದರು, ಆ ದ್ರಾವಣವನ್ನು ರಾಜ್ಯದಲ್ಲೆಲ್ಲ ನಿಲ್ಲಿಸಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಯಾವ ಪ್ರಯೋಗಾಲಯ ಸರಿ, ಯಾವುದು ತಪ್ಪು ಎಂಬ ವಾದಕ್ಕೆ ನಾವು ಹೋಗುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಒಂದು ಬಾಟಲಿ ಚೆನ್ನಾಗಿದೆ ಎಂದು ಪರೀಕ್ಷೆಯಲ್ಲಿ ಬಂದರೆ ಆ ಬ್ಯಾಚಿನ ಸಾವಿರಾರು ಬಾಟಲಿಗಳೆಲ್ಲ ಚೆನ್ನಾಗಿವೆ ಎಂದೇನೂ ಅಲ್ಲ. ಕ್ರಿಮಿಯೂ ಕ್ರಿಮಿಯ ವಿಷವೂ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಎರಡು ಸರ್ಕಾರಿ ಪ್ರಯೋಗಾಲಯಗಳು ಎರಡು ಮಾತು ಹೇಳಿದಾಗ ಉಳಿಯುವುದು ಅನುಮಾನ. ಕೋರ್ಟಿನಲ್ಲಿ ಅನುಮಾನದ ಲಾಭ ಆರೋಪಿಗೆ ಸಿಗಲಿ, ಅದು ನ್ಯಾಯ. ಆದರೆ ನೇರವಾಗಿ ರಕ್ತಕ್ಕೆ ಸೇರುವ ದ್ರಾವಣದಲ್ಲಿ ಅನುಮಾನದ ಲಾಭ ಯಾರಿಗೆ ಸಿಗಬೇಕು? ಬಾಟಲಿಗೋ, ಬಾಣಂತಿಗೋ? ಮೊದಲ ದರ್ಜೆ ಎಂದು ಒಂದು ದರ್ಜೆಯನ್ನು ಮಾಡಿದ್ದೇ ಇದಕ್ಕೆ. ಅಂಥ ಸರಕು ಅನುಮಾನ ಪೂರ್ತಿ ಕಳೆಯುವ ತನಕ ಬೀಗದೊಳಗೆ ಇರಬೇಕು. ಸರಕು ಕೊಳೆತರೆ ಇನ್ನೊಂದು ಸಲ ಮಾಡಿಕೊಳ್ಳಬಹುದು.

ದೀಪದ ಬುಡದ ಕತ್ತಲೆ

ಇನ್ನು ಕಾಗದದ ತತ್ತ್ವಕ್ಕೂ ನಮ್ಮ ಬೀದಿಗೂ ನಡುವೆ ಇರುವ ಅಂತರವನ್ನು ನೋಡೋಣ.

ಗುಣಮಟ್ಟದಲ್ಲಿ ಸೋತ ಔಷಧಗಳ ಪಟ್ಟಿಯನ್ನು ಕೇಂದ್ರದವರು ತಿಂಗಳು ತಿಂಗಳೂ ಪ್ರಕಟಿಸುತ್ತಾರೆ. ಔಷಧದ ಹೆಸರು, ಬ್ಯಾಚ್ ನಂಬರು, ಕಂಪನಿ, ಸೋತ ಕಾರಣ ಎಲ್ಲವೂ ಅದರಲ್ಲಿ ಇರುತ್ತವೆ. ಆದರೆ ಇದು ಎಷ್ಟನೆಯ ದರ್ಜೆ ಎಂಬ ಕಾಲಂ ಅದರಲ್ಲಿ ಇಲ್ಲ. ಅಮೆರಿಕದಲ್ಲಿ ವಾರ ವಾರ ಹೊರಡುವ ಪಟ್ಟಿಯಲ್ಲಿ ದರ್ಜೆಯನ್ನು ಬರೆಯುತ್ತಾರೆ. ನಮ್ಮಲ್ಲಿ ಕೊಲ್ಲುವ ದೋಷವೂ ಮುಚ್ಚಳದ ದೋಷವೂ ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಓದಿದವನು ಎಲ್ಲಕ್ಕೂ ಹೆದರಬೇಕು, ಇಲ್ಲವೆ ಯಾವುದಕ್ಕೂ ಹೆದರಬಾರದು. ಅದೂ ಇಂಗ್ಲಿಷಿನಲ್ಲಿ! ಇಂಗ್ಲಿಷಿನ ಯಜಮಾನಿಕೆ ಹೋಗದೆ ಜನರ ರಾಜ್ಯ ಬಾರದು ಎಂದು ಡಾಕ್ಟರ್ ಲೋಹಿಯಾ ಅವರ ಕಾಲದಿಂದ ನಮ್ಮ ಚಳವಳಿ ಹೇಳುತ್ತ ಬಂದಾಗ ಕೆಲವರು ನಕ್ಕರು. ಪ್ರಾಣಕ್ಕೆ ಅಪಾಯ ಎಂಬ ಸುದ್ದಿ ಕೃಷ್ಣರಾಜಪುರದ ಸಂತೆಗೆ ಬಂದ ತಾಯಿಗೆ ತಿಳಿಯದ ನುಡಿಯಲ್ಲಿ ಹೊರಡುವುದಾದರೆ ಅದು ಸುದ್ದಿ ಎನಿಸುತ್ತದೆಯೆ?

ಔಷಧ ನಿಯಮಗಳಲ್ಲಿ ಇರುವ ಷರತ್ತು ಇನ್ನೊಂದು. ಅಧಿಕಾರಿಗಳು ಆಜ್ಞೆ ಮಾಡಿದರೆ ತಯಾರಕನು ಕೆಟ್ಟ ಬ್ಯಾಚಿನಲ್ಲಿ ಉಳಿದದ್ದನ್ನು ಮಾರದೆ ನಿಲ್ಲಿಸಬೇಕು. ಮಾರಿಹೋದದ್ದನ್ನು 'ಸಾಧ್ಯವಾದ ಮಟ್ಟಿಗೆ' ಹಿಂದಕ್ಕೆ ಪಡೆಯಬೇಕು ಎಂದು ಅದರ ಭಾವ. ಈ 'ಸಾಧ್ಯವಾದ ಮಟ್ಟಿಗೆ' ಎಂಬ ಬಿಲದಲ್ಲಿ ಎಷ್ಟು ಹೆಗ್ಗಣಗಳು ನುಸುಳಬಹುದು ಎಂದು ವ್ಯಾಪಾರ ಬಲ್ಲವರಿಗೆ ಹೇಳಬೇಕಾಗಿಲ್ಲ.

ಶಿಕ್ಷೆಯ ಮಾತು. ನಕಲಿ ಮದ್ದಿಗೆ, ಸಾವು ತಂದ ಮದ್ದಿಗೆ ೧೯೪೦ರ ಕಾಯಿದೆಯಲ್ಲಿ ಕಠಿಣ ಕಲಮುಗಳಿವೆ. ಗುಣಮಟ್ಟ ತಪ್ಪಿದ ಉಳಿದ ಅಪರಾಧಗಳಿಗೆ ಕಡಿಮೆಯೆಂದರೆ ಒಂದು ವರ್ಷ ಸಜೆ ಎಂದಿದೆ. ೨೦೨೩ರ ಜನ ವಿಶ್ವಾಸ ಕಾಯಿದೆ ಆ ಅಪರಾಧವನ್ನು ಹಣ ಕಟ್ಟಿ ರಾಜಿ ಮಾಡಿಕೊಳ್ಳಬಹುದಾದದ್ದನ್ನಾಗಿ ಮಾಡಿತು. ಕಾಯಿದೆಯ ಹೆಸರಿನಲ್ಲಿ ಜನ ಇದ್ದಾರೆ, ವಿಶ್ವಾಸವೂ ಇದೆ. ವಿಶ್ವಾಸ ಯಾರ ಮೇಲೆ ಎಂಬುದನ್ನು ನೀವೇ ಯೋಚಿಸಿ.

ಅಂಗಡಿಯವನು ನಮ್ಮ ಶತ್ರುವಲ್ಲ

ಇಂಥ ಸುದ್ದಿ ಬಂದಾಗ ಜನರ ಕೋಪವೆಲ್ಲ ಬೀದಿಯ ಔಷಧದ ಅಂಗಡಿಯ ಮೇಲೆ ತಿರುಗುತ್ತದೆ. ಇದು ಸಲ್ಲದು. ಮಾತ್ರೆಯ ಒಳಗನ್ನು ನಾವು ಹೇಗೆ ಕಾಣೆವೋ ಅವನೂ ಕಾಣ. ಲೈಸೆನ್ಸ್ ಇರುವವರಿಂದ ಕೊಂಡು, ಸರಿಯಾಗಿ ಇಟ್ಟು, ಬಂದ ಸ್ಥಿತಿಯಲ್ಲೇ ಮಾರಿದ, ದೋಷವನ್ನು ತಿಳಿಯಲು ದಾರಿಯಿಲ್ಲದ ವ್ಯಾಪಾರಿಗೆ ಕಾಯಿದೆಯ ೧೯ನೆಯ ಕಲಮು ರಕ್ಷಣೆ ಕೊಟ್ಟಿದೆ. ಆದರೆ ಯಾರಿಂದ ಕೊಂಡೆ ಎಂಬುದನ್ನು ಅವನು ತೋರಿಸಬೇಕು. ಆದ್ದರಿಂದ ಸಣ್ಣ ವ್ಯಾಪಾರಿಗಳಿಗೆ ನಮ್ಮ ಮಾತು: ಬಿಲ್ಲಿಲ್ಲದ ಅಗ್ಗದ ಸರಕು ಯಾರು ತಂದುಕೊಟ್ಟರೂ ಮುಟ್ಟಬೇಡಿ. ಕೊಂಡ ಬಿಲ್ಲನ್ನು ಜೋಪಾನ ಮಾಡಿ. ವಾಪಸಾತಿಯ ಸುದ್ದಿ ಬಂದ ಕೂಡಲೇ ಆ ಬ್ಯಾಚನ್ನು ಬೇರೆ ಡಬ್ಬಕ್ಕೆ ಹಾಕಿ, ಮಾರಾಟಕ್ಕಲ್ಲ ಎಂದು ಬರೆದು ಬೀಗ ಹಾಕಿ. ಆ ನಷ್ಟ ತಯಾರಕನದು. ಅದು ನಿಮ್ಮ ತಲೆಗೆ ಬರದಂತೆ ನಾವೂ ನಿಮ್ಮೊಡನೆ ನಿಲ್ಲುತ್ತೇವೆ. ಹಣ ವಾಪಸು ಬರದೆಂಬ ಭಯ ಇರುವ ತನಕ ಕೆಟ್ಟ ಸರಕು ಕಪಾಟಿನ ಹಿಂದೆ ಅಡಗಿಯೇ ಇರುತ್ತದೆ.

ನಮ್ಮ ಬೇಡಿಕೆ, ನಮ್ಮ ಕೆಲಸ

ಸರ್ಕಾರದ ಮುಂದೆ ನಾವು ಇಡುವ ಬೇಡಿಕೆಗಳು ಐದು.

ಒಂದು: ಪ್ರತಿ ವಾಪಸಾತಿಯ ಪ್ರಕಟಣೆಯಲ್ಲಿಯೂ ದರ್ಜೆಯನ್ನು ಬರೆಯಬೇಕು, ಕಾರಣವನ್ನು ಬಿಡಿಸಿ ಹೇಳಬೇಕು.

ಎರಡು: ಪ್ರಕಟಣೆ ಕನ್ನಡದಲ್ಲಿ ಇರಬೇಕು, ಶಿವಾಜಿನಗರ, ಹಲಸೂರಿನಂಥ ಕಡೆ ಜನರಾಡುವ ಉರ್ದು, ತಮಿಳಿನಲ್ಲಿಯೂ ಇರಬೇಕು. ಪ್ರತಿ ಔಷಧದ ಅಂಗಡಿ, ಸರ್ಕಾರಿ ಆಸ್ಪತ್ರೆ, ಇ.ಎಸ್.ಐ. ಔಷಧಾಲಯದ ಮುಂದೆ ಹಲಗೆಯ ಮೇಲೆ ಅದನ್ನು ಅಂಟಿಸಬೇಕು.

ಮೂರು: ರಕ್ತಕ್ಕೆ ಸೇರುವ ಔಷಧದ ವಿಷಯದಲ್ಲಿ ಪ್ರಯೋಗಾಲಯಗಳ ವರದಿ ಭಿನ್ನವಾದರೆ ಆ ಸರಕನ್ನು ರೋಗಿಗಳಿಗೆ ಬಿಡಕೂಡದು.

ನಾಲ್ಕು: ಕೆಟ್ಟ ಬ್ಯಾಚಿನಲ್ಲಿ ಎಷ್ಟು ಹೊರಗೆ ಹೋಗಿತ್ತು, ಎಷ್ಟು ವಾಪಸು ಬಂತು ಎಂಬ ಲೆಕ್ಕವನ್ನು ಬಹಿರಂಗಪಡಿಸಬೇಕು. ೧೯೩೭ರಲ್ಲಿ ಗ್ಯಾಲನ್ ಗ್ಯಾಲನ್ನಿನ ಲೆಕ್ಕ ಇಡಲು ಸಾಧ್ಯವಾಗಿದ್ದರೆ ಇಂದು ಏಕೆ ಆಗದು? ೨೦೨೩ರ ಆಗಸ್ಟ್ ೧ರಿಂದ ಹೆಚ್ಚು ಮಾರಾಟವಾಗುವ ೩೦೦ ಹೆಸರುಗಳ ಔಷಧಕ್ಕೆ ಫೋನಿನಲ್ಲಿ ಓದಬಹುದಾದ ಗುರುತನ್ನು ಒತ್ತಬೇಕೆಂದು ವಿಧಿಸಿದ್ದಾರೆ. ಅದನ್ನು ಎಲ್ಲ ಔಷಧಕ್ಕೂ ವಿಸ್ತರಿಸಬೇಕು.

ಐದು: ವಾಪಸಾದ ಸರಕಿನ ಹಣ ಸಣ್ಣ ವ್ಯಾಪಾರಿಗೂ ಕೊಂಡವನಿಗೂ ಗೊತ್ತಾದ ದಿನದೊಳಗೆ ಸಿಗಬೇಕು.

ಬೇಡಿಕೆ ಇಟ್ಟು ಕೈಕಟ್ಟಿ ಕುಳಿತರೆ ಆಗದು. ನಾವು ಮಾಡಬಹುದಾದ ಕೆಲಸವೂ ಇದೆ. ಔಷಧಕ್ಕೆ ಬಿಲ್ಲು ಕೇಳಿ, ಅದರಲ್ಲಿ ಬ್ಯಾಚ್ ನಂಬರು ಇದೆಯೇ ನೋಡಿ. ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಕೊಡುವಾಗ ನಂಬರಿರುವ ತುಂಡು ಯಾರ ಬಳಿ ಉಳಿಯಿತೆಂದು ಗಮನಿಸಿ. ಔಷಧ ಮುಗಿಯುವ ತನಕ ಡಬ್ಬ ಎಸೆಯಬೇಡಿ. ವಾಪಸಾತಿಯ ಸುದ್ದಿ ಕೇಳಿದರೆ ಮೊದಲು ನಂಬರನ್ನು ಹೋಲಿಸಿ. ನಿಮ್ಮದು ಅದೇ ಆಗಿದ್ದರೆ ಅದನ್ನು ಸೇವಿಸದೆ ಅಂಗಡಿಗೋ ಆಸ್ಪತ್ರೆಗೋ ಒಯ್ದು ಅಂದೇ ಬೇರೆ ಬ್ಯಾಚಿನದನ್ನು ಪಡೆಯಿರಿ. ಡಾಕ್ಟರನ್ನು ಕೇಳದೆ ರಕ್ತದೊತ್ತಡದ, ಸಕ್ಕರೆಯ, ಮೂರ್ಛೆಯ ಮದ್ದನ್ನು ನಿಲ್ಲಿಸಬೇಡಿ. ಅನುಮಾನ ಬಂದ ಔಷಧವನ್ನು ಕೊಂಡವನೇ ನಿಗದಿಯಾದ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದೆಂದು ಅದೇ ಕಾಯಿದೆಯ ೨೬ನೆಯ ಕಲಮು ಹೇಳುತ್ತದೆ. ಒಬ್ಬನಿಗೆ ಭಾರವಾದರೆ ಸಂಘದಿಂದ ಶುಲ್ಕ ಕಟ್ಟೋಣ. ತಿಂಗಳ ಪಟ್ಟಿ ಬಂದಾಗ ಓದುಬರಹ ಬಲ್ಲ ಇಬ್ಬರು ಕೂತು ನಮ್ಮ ಬೀದಿಗಳಲ್ಲಿ ಮಾರಾಟವಾಗುವ ಹೆಸರುಗಳನ್ನು ಆರಿಸಿ ಕನ್ನಡದಲ್ಲಿ ಬರೆದು ಸಂಘದ ಹಲಗೆಗೆ ಹಾಕೋಣ. ಇದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ.

ಬಂಧುಗಳೆ, ಔಷಧಕ್ಕೆ ಮೂರು ದರ್ಜೆ ಇರಲಿ. ರೋಗಿಗೆ ಮೂರು ದರ್ಜೆ ಇರಕೂಡದು. ಹಣವಂತನಿಗೆ ಫೋನಿನಲ್ಲಿ ತಿಳಿಯುವ ಅಪಾಯ ಇ.ಎಸ್.ಐ. ಸಾಲಿನಲ್ಲಿ ನಿಂತವನಿಗೂ ಅದೇ ದಿನ, ಅವನ ನುಡಿಯಲ್ಲಿ ತಿಳಿಯಬೇಕು. ಬಳ್ಳಾರಿಯ ಐವರು ತಾಯಂದಿರಿಗೆ ನಾವು ಸಲ್ಲಿಸಬೇಕಾದ ಋಣ ಇಷ್ಟಾದರೂ ಇದೆ.